ಫಿಜಿಷಿಯನ್ ಅಸಿಸ್ಟೆಂಟ್ ಯಾವ ಔಷಧ ಬರೆಯಬಹುದು: ರಾಜ್ಯದ ಕಾನೂನನ್ನು ಓದಿಕೊಳ್ಳುವ ಬಗೆ

ಡಾಲಸ್ ಹತ್ತಿರದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನಾನು ಫಿಜಿಷಿಯನ್ ಅಸಿಸ್ಟೆಂಟ್ (ಪಿಎ, ಅಂದರೆ ವೈದ್ಯರ ಜೊತೆಗೂಡಿ ರೋಗಿಗಳಿಗೆ ಚಿಕಿತ್ಸೆ ಕೊಡುವ, ಲೈಸೆನ್ಸ್ ಪಡೆದ ವೃತ್ತಿಪರ) ಆಗಿ ಸೇರಿದ ಮೊದಲ ವರ್ಷ, ಕೊಲೊರಾಡೊದಿಂದ ಮನೆ ಬದಲಿಸಿಕೊಂಡು ಬಂದಿದ್ದ ತಾಯಿಯೊಬ್ಬರು ಹತ್ತು ವರ್ಷದ ಮಗನನ್ನು ಕರೆತಂದರು. ಹುಡುಗ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) ಮೀಥೈಲ್‌ಫೆನಿಡೇಟ್ ತೆಗೆದುಕೊಳ್ಳುತ್ತಿದ್ದ, ಡಬ್ಬಿಯಲ್ಲಿ ನಾಲ್ಕೇ ಮಾತ್ರೆ ಉಳಿದಿದ್ದವು. ಡೆನ್ವರ್‌ನಲ್ಲಿ ಅವನಿಗೆ ತಿಂಗಳು ತಿಂಗಳೂ ಔಷಧ ಬರೆದುಕೊಡುತ್ತಿದ್ದವರು ನನ್ನಂತೆಯೇ ಒಬ್ಬ ಪಿಎ. ನಾನು ಬರೆಯಲಾರೆ, ವೈದ್ಯರೇ ಬರೆಯಬೇಕು ಎಂದಾಗ ಆ ತಾಯಿ, “ಅವರದೂ ನಿಮ್ಮದೂ ಒಂದೇ ಓದಲ್ಲವೇ?” ಎಂದು ಕೇಳಿದರು. ಓದು ಒಂದೇ, ಪರೀಕ್ಷೆಯೂ ಒಂದೇ. ಆದರೆ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ 2ರ ಔಷಧ (ದುರ್ಬಳಕೆಯ ಅಪಾಯವಿರುವ ‘ನಿಯಂತ್ರಿತ ಔಷಧ’ಗಳನ್ನು ಕಾನೂನು 1ರಿಂದ 5ರವರೆಗಿನ ಶೆಡ್ಯೂಲ್‌ಗಳಲ್ಲಿ ವಿಂಗಡಿಸುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ನಿರ್ಬಂಧ ಬಿಗಿ), ಮತ್ತು ಟೆಕ್ಸಸ್‌ನ ಹೊರರೋಗಿ ಕ್ಲಿನಿಕ್‌ನಲ್ಲಿ ಶೆಡ್ಯೂಲ್ 2ರ ಔಷಧ ಬರೆಯುವ ಅಧಿಕಾರವನ್ನು ವೈದ್ಯರು ಪಿಎಗೆ ವಹಿಸಿಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ. ಅಂದು ಆ ವಿಷಯ ನನಗೆ ಗೊತ್ತಿತ್ತು, ಏಕೆ ಹಾಗೆ ಎಂದು ಅವರಿಗೆ ಬಿಡಿಸಿ ಹೇಳಲು ಮಾತ್ರ ಬರಲಿಲ್ಲ. ಅಮೆರಿಕದಲ್ಲಿ ಪಿಎ ಓದುತ್ತಿರುವ, ಓದಲು ಹೊರಟಿರುವ, ಅಥವಾ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೆಲಸ ಬದಲಿಸುತ್ತಿರುವ ಕನ್ನಡಿಗರಿಗೆ ಆ ಗೊಂದಲ ಇರಬಾರದೆಂಬ ಕಾಳಜಿಯಿಂದ, ಕಾನೂನನ್ನು ಯಾವ ಕ್ರಮದಲ್ಲಿ ಓದಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ.

ಊರಿನಿಂದ ಪದೇ ಪದೇ ಬರುವ ಪ್ರಶ್ನೆಯೊಂದಕ್ಕೆ ಮೊದಲೇ ಉತ್ತರಿಸಿಬಿಡುತ್ತೇನೆ. ಭಾರತದಲ್ಲಿ ಎಂಬಿಬಿಎಸ್ ಮಾಡಿದವರಾಗಲಿ, ಅಲ್ಲಿಯೇ ಫಿಜಿಷಿಯನ್ ಅಸಿಸ್ಟೆಂಟ್ ಪದವಿ ಪಡೆದವರಾಗಲಿ ನೇರವಾಗಿ ಇಲ್ಲಿನ ಪಿಎ ಲೈಸೆನ್ಸ್‌ಗೆ ಅರ್ಜಿ ಹಾಕಲು ಬರುವುದಿಲ್ಲ. ಪಿಎಗಳಿಗೆ ಪ್ರಮಾಣಪತ್ರ ಕೊಡುವ ಎನ್‌ಸಿಸಿಪಿಎ ಸಂಸ್ಥೆ ನಡೆಸುವ ಪ್ಯಾನ್ಸ್ ಎಂಬ ಅರ್ಹತಾ ಪರೀಕ್ಷೆಗೆ ಕೂರಬೇಕಾದರೆ, ಪಿಎ ಕೋರ್ಸ್‌ಗಳನ್ನು ಪರಿಶೀಲಿಸುವ ಎಆರ್‌ಸಿ-ಪಿಎ ಸಂಸ್ಥೆಯ ಮಾನ್ಯತೆ ಪಡೆದ ಇಲ್ಲಿನ ಕಾಲೇಜಿನಲ್ಲೇ ಓದಿರಬೇಕು. ಭಾರತದಲ್ಲಿ 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಈ ವೃತ್ತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿರುವುದು ಸಂತೋಷದ ಸಂಗತಿ. ಆದರೆ ಆ ಮಾನ್ಯತೆ ಅಮೆರಿಕದಲ್ಲಿ ನಡೆಯುವುದಿಲ್ಲ.

ರಾಜ್ಯಕ್ಕೊಂದು ಕಾನೂನು ಏಕೆ

ಈ ವೃತ್ತಿ ಹುಟ್ಟಿದ್ದು 1965ರಲ್ಲಿ, ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಡಾ. ಯೂಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ವೈದ್ಯಕೀಯ ಕೆಲಸ ಮಾಡಿ ಬಂದಿದ್ದ ನಾಲ್ವರನ್ನು ಸೇರಿಸಿಕೊಂಡು ಮೊದಲ ತರಗತಿ ಆರಂಭಿಸಿದರು. ವೈದ್ಯ ವೃತ್ತಿಗೆ ಲೈಸೆನ್ಸ್ ಕೊಡುವ ಅಧಿಕಾರ ಈ ದೇಶದಲ್ಲಿ ರಾಜ್ಯಗಳದು, ಹಾಗಾಗಿ ಒಂದೊಂದು ರಾಜ್ಯವೂ ತನ್ನದೇ ಸಮಯದಲ್ಲಿ, ತನ್ನದೇ ಮಾತುಗಳಲ್ಲಿ ಈ ಹೊಸ ವೃತ್ತಿಗೆ ಜಾಗ ಮಾಡಿಕೊಟ್ಟಿತು. ಮಿಸಿಸಿಪಿ ಪಿಎಗಳಿಗೆ ಲೈಸೆನ್ಸ್ ಕೊಡಲು ಒಪ್ಪಿದ್ದು 2000ದಲ್ಲಿ. ಇಂಡಿಯಾನಾ ಔಷಧ ಬರೆಯುವ ಅಧಿಕಾರ ಕೊಟ್ಟಿದ್ದು 2007ರಲ್ಲಿ. ಕೆಂಟಕಿಯಲ್ಲಿ ನಿಯಂತ್ರಿತ ಔಷಧಗಳನ್ನು ಬರೆಯಲು ಅನುಮತಿ ಸಿಕ್ಕಿದ್ದು 2020ರಲ್ಲಿ, ಅದೂ ಶೆಡ್ಯೂಲ್ 3ರಿಂದ 5ರವರೆಗಿನವುಗಳಿಗೆ ಮಾತ್ರ. ಹೀಗೆ ಐವತ್ತು ಕಡೆ ಐವತ್ತು ರೀತಿಯಲ್ಲಿ ಬೆಳೆದ ಕಾನೂನಿನಲ್ಲಿ ಹೊಂದಾಣಿಕೆ ಹುಡುಕಿ ಪ್ರಯೋಜನವಿಲ್ಲ. ಪಕ್ಕದ ರಾಜ್ಯದಲ್ಲಿರುವ ಸಹಪಾಠಿಯನ್ನು ಕೇಳಿ ಔಷಧ ಬರೆಯುವುದು ಅಪಾಯಕರ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಓದುವ ಕ್ರಮ

ಮೊದಲು ನೋಡಬೇಕಾದದ್ದು, ಚಿಕಿತ್ಸೆಯ ಹೊತ್ತಿಗೆ ರೋಗಿ ಯಾವ ರಾಜ್ಯದಲ್ಲಿದ್ದಾರೆ ಎಂಬುದು. ನೀವು ಎಲ್ಲಿ ಕುಳಿತಿದ್ದೀರಿ ಎಂಬುದು ಆಮೇಲಿನ ಮಾತು. ಮೈಸೂರಿನಿಂದ ಮಗಳ ಮನೆಗೆಂದು ಡಾಲಸ್‌ಗೆ ಬಂದು ನಿಮ್ಮಲ್ಲಿ ರಕ್ತದೊತ್ತಡಕ್ಕೆ ಔಷಧ ಬರೆಸಿಕೊಂಡ ತಾಯಿ, ಮುಂದಿನ ತಿಂಗಳು ನ್ಯೂಜೆರ್ಸಿಯ ಮಗನ ಮನೆಯಿಂದ ವೀಡಿಯೊ ಕರೆ ಮಾಡಿದರೆ, ಆ ಹೊತ್ತಿಗೆ ನಿಮಗೆ ಅನ್ವಯಿಸುವುದು ನ್ಯೂಜೆರ್ಸಿಯ ಕಾನೂನು. ಅಲ್ಲಿ ಚಿಕಿತ್ಸೆ ಕೊಡಲು ನಿಮಗೆ ಅನುಮತಿ ಇರಬೇಕು. ರಾಜ್ಯಗಳ ನಡುವೆ ಲೈಸೆನ್ಸ್ ಸಲೀಸಾಗಲೆಂದು ರೂಪಿಸಿರುವ ಪಿಎ ಕಾಂಪ್ಯಾಕ್ಟ್‌ಗೆ 2024ರಲ್ಲಿ ಏಳನೆಯ ರಾಜ್ಯ ಸೇರಿದ ಮೇಲೆ ಅದು ಜಾರಿಗೆ ಬೇಕಾದ ಸಂಖ್ಯೆಯನ್ನು ಮುಟ್ಟಿತು. ಆದರೆ ಕಾಂಪ್ಯಾಕ್ಟ್ ಕೂಡ ರೋಗಿ ಇರುವ ರಾಜ್ಯದ ನಿಯಮವನ್ನೇ ಪಾಲಿಸಬೇಕೆಂದು ಹೇಳುತ್ತದೆ.

ರಾಜ್ಯ ಯಾವುದೆಂದು ತೀರ್ಮಾನವಾದ ಮೇಲೆ ಎರಡು ಕಡತಗಳನ್ನು ತೆರೆದಿಟ್ಟುಕೊಳ್ಳಿ. ಒಂದು, ಶಾಸಕಾಂಗ ಮಾಡಿದ ಕಾಯ್ದೆ. ಇನ್ನೊಂದು, ಆ ಕಾಯ್ದೆಯ ಅಡಿಯಲ್ಲಿ ಲೈಸೆನ್ಸ್ ನೋಡಿಕೊಳ್ಳುವ ರಾಜ್ಯದ ಬೋರ್ಡ್ ಹೊರಡಿಸಿದ ನಿಯಮಗಳು. ಎರಡೂ ಸರ್ಕಾರದ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಪ್ರತಿ ಕಲಮಿನ ಕೊನೆಯಲ್ಲಿ ಅದು ಯಾವ ವರ್ಷ ತಿದ್ದುಪಡಿಯಾಯಿತು, ಯಾವ ದಿನದಿಂದ ಜಾರಿ ಎಂಬ ಸಣ್ಣ ಅಕ್ಷರದ ಸಾಲು ಇರುತ್ತದೆ, ಅದನ್ನು ಬಿಡದೆ ಓದಿ. ‘ಶಲ್’ ಅಥವಾ ‘ಮಸ್ಟ್’ ಎಂದಿದ್ದರೆ ಮಾಡಲೇಬೇಕು, ‘ಮೇ’ ಎಂದಿದ್ದರೆ ಮಾಡಬಹುದು. ‘ಎಕ್ಸೆಪ್ಟ್’ ಎಂದು ಆರಂಭವಾಗುವ ವಾಕ್ಯ ಕಂಡರೆ ಅಲ್ಲಿ ನಿಂತು ಎರಡು ಸಲ ಓದಿ, ಏಕೆಂದರೆ ಔಷಧ ಬರೆಯುವ ಅಧಿಕಾರದ ನಿಜವಾದ ಗಡಿ ಬಹಳ ಸಲ ಅಂಥ ವಾಕ್ಯದೊಳಗೇ ಇರುತ್ತದೆ.

ಕಾಯ್ದೆಯಲ್ಲಿ ನಿಮಗೂ ವೈದ್ಯರಿಗೂ ಇರುವ ಸಂಬಂಧವನ್ನು ಯಾವ ಪದದಿಂದ ಹೇಳಿದ್ದಾರೆಂದು ಗಮನಿಸಿ. ಟೆಕ್ಸಸ್‌ನಲ್ಲಿ ಮೇಲ್ವಿಚಾರಣೆ ಮತ್ತು ವಹಿಸಿಕೊಡುವಿಕೆ ಎಂಬ ಪದಗಳಿವೆ. ಅಂದರೆ ಅಧಿಕಾರ ಮೂಲತಃ ವೈದ್ಯರದು, ಅದರಲ್ಲಿ ಒಂದು ಪಾಲನ್ನು ಅವರು ನಿಮಗೆ ಬರವಣಿಗೆಯಲ್ಲಿ ಕೊಡುತ್ತಾರೆ. ಮಿಷಿಗನ್‌ನಲ್ಲಿ 2017ರ ಮಾರ್ಚ್‌ನಿಂದ ಮೇಲ್ವಿಚಾರಣೆ ಎಂಬ ಮಾತು ಹೋಗಿ, ‘ಪಾರ್ಟಿಸಿಪೇಟಿಂಗ್ ಫಿಜಿಷಿಯನ್’ ಜೊತೆಗಿನ ಪ್ರಾಕ್ಟೀಸ್ ಒಪ್ಪಂದ ಬಂದಿದೆ. ಕ್ಯಾಲಿಫೋರ್ನಿಯಾ 2020ರ ಜನವರಿಯಿಂದ ಹಳೆಯ ‘ಡೆಲಿಗೇಶನ್ ಆಫ್ ಸರ್ವಿಸಸ್’ ಪತ್ರವನ್ನು ಬಿಟ್ಟು ಪ್ರಾಕ್ಟೀಸ್ ಒಪ್ಪಂದಕ್ಕೆ ಬದಲಾಯಿಸಿಕೊಂಡಿತು. ಯೂಟಾದ 2021ರ ಕಾನೂನು ಅನುಭವದ ಗಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: 10,000 ಗಂಟೆ ಚಿಕಿತ್ಸೆಯ ಅನುಭವ ದಾಟಿದ ಪಿಎಗೆ ಅಂಥ ಸಹಯೋಗದ ಒಪ್ಪಂದದ ಕಟ್ಟುಪಾಡು ಇಲ್ಲ. ಅರಿಜೋನಾ ಮತ್ತು ಮೊಂಟಾನಾ 2023ರಲ್ಲಿ ಮಾಡಿದ ಕಾನೂನುಗಳಲ್ಲಿ ಆ ಗಡಿ 8,000 ಗಂಟೆ. ಹೀಗೆ ಗಂಟೆ ಎಣಿಸುವ ರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ, ಹಿಂದಿನ ಕೆಲಸದ ಗಂಟೆಗಳ ಲಿಖಿತ ದಾಖಲೆಯನ್ನು ಈಗಿನಿಂದಲೇ ಕೂಡಿಟ್ಟುಕೊಳ್ಳಿ. ಮುಚ್ಚಿಹೋದ ಕ್ಲಿನಿಕ್‌ನಿಂದ ಐದು ವರ್ಷದ ಬಳಿಕ ಪತ್ರ ತರಿಸುವುದು ಎಷ್ಟು ಕಷ್ಟವೆಂದು ಪಾಡು ಪಟ್ಟವರಿಗೇ ಗೊತ್ತು.

ಹೆಸರಿನ ಬಗ್ಗೆಯೂ ಒಂದು ಮಾತು. ವೃತ್ತಿಯ ರಾಷ್ಟ್ರೀಯ ಸಂಘ 2021ರಲ್ಲಿ ‘ಫಿಜಿಷಿಯನ್ ಅಸೋಸಿಯೇಟ್’ ಎಂಬ ಹೆಸರನ್ನು ಒಪ್ಪಿಕೊಂಡಿತು, ಮತ್ತು 2024ರಲ್ಲಿ ಆರೆಗಾನ್ ಅದನ್ನು ಕಾನೂನಿನಲ್ಲಿ ತಂದ ಮೊದಲ ರಾಜ್ಯವಾಯಿತು. ನಿಮ್ಮ ರಾಜ್ಯದ ಕಾಯ್ದೆಯಲ್ಲಿ ಹಳೆಯ ಹೆಸರೇ ಇದ್ದರೆ ಬ್ಯಾಡ್ಜ್ ಮೇಲೆ, ಔಷಧ ಚೀಟಿಯ ಮೇಲೆ ಹಳೆಯದನ್ನೇ ಬಳಸಬೇಕು.

ಟೆಕ್ಸಸ್: ಒಂದು ರಾಜ್ಯವನ್ನು ಪೂರ್ತಿ ನೋಡೋಣ

ಟೆಕ್ಸಸ್ ಆಕ್ಯುಪೇಶನ್ಸ್ ಕೋಡ್‌ನಲ್ಲಿ ನಮಗೆ ಬೇಕಾದ ಅಧ್ಯಾಯಗಳು ಎರಡು. 204ನೇ ಅಧ್ಯಾಯ ಪಿಎ ಲೈಸೆನ್ಸ್ ಕುರಿತದ್ದು, 157ನೇ ಅಧ್ಯಾಯ ವೈದ್ಯರು ಅಧಿಕಾರ ವಹಿಸಿಕೊಡುವುದರ ಕುರಿತದ್ದು. 204ನ್ನು ಮಾತ್ರ ಓದಿ ಮುಗಿಸುವುದು ಹೊಸಬರ ಸಾಮಾನ್ಯ ತಪ್ಪು, ಔಷಧದ ಮಾತು ಇರುವುದು ಬಹುಪಾಲು 157ರಲ್ಲಿ. ಮೇಲ್ವಿಚಾರಣೆ ನಿರಂತರವಾಗಿರಬೇಕು ಎಂದು 204 ಹೇಳುತ್ತದೆ. ನಿರಂತರ ಎಂದರೆ ವೈದ್ಯರು ಪಕ್ಕದ ಕೋಣೆಯಲ್ಲೇ ಕುಳಿತಿರಬೇಕೆಂದಲ್ಲ. ಅವರು ಅಲ್ಲಿಲ್ಲದಿದ್ದರೆ ಫೋನ್‌ನಲ್ಲೋ ಬೇರೆ ದೂರಸಂಪರ್ಕದಲ್ಲೋ ಸುಲಭವಾಗಿ ಸಿಗುವಂತಿರಬೇಕು. ವೈದ್ಯರು ಹನ್ನೆರಡು ಗಂಟೆಯ ವಿಮಾನದಲ್ಲಿದ್ದಾಗ ಆ ‘ಸುಲಭವಾಗಿ’ ಎಂಬ ಪದ ತುಂಬುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಥ ದಿನಗಳಿಗಾಗಿಯೇ ಒಪ್ಪಂದದಲ್ಲಿ ಬದಲಿ ವೈದ್ಯರ ಹೆಸರು ಇರಬೇಕು.

ಆ ಒಪ್ಪಂದದ ಹೆಸರು ಪ್ರಿಸ್ಕ್ರಿಪ್ಟಿವ್ ಅಥಾರಿಟಿ ಅಗ್ರಿಮೆಂಟ್. 2013ರ ನವೆಂಬರ್ 1ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯೇ ಟೆಕ್ಸಸ್ ಪಿಎಗಳ ಔಷಧ ಬರೆಯುವ ಅಧಿಕಾರದ ತಳಹದಿ. ಆಸ್ಪತ್ರೆ ಮತ್ತು ದೀರ್ಘಕಾಲದ ಆರೈಕೆ ಕೇಂದ್ರಗಳಿಗೆ ಬೇರೆ ದಾರಿಯೂ ಇದೆ, ಆದರೆ ಕ್ಲಿನಿಕ್‌ಗಳಲ್ಲಿ ದುಡಿಯುವವರಿಗೆ ಇದೇ ಆಧಾರ. ಅದು ಬರವಣಿಗೆಯಲ್ಲಿರಬೇಕು, ಸಹಿ ಮತ್ತು ತಾರೀಕು ಬಿದ್ದಿರಬೇಕು. ಇಬ್ಬರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆಗಳ ಜೊತೆಗೆ ಚಿಕಿತ್ಸೆ ಯಾವ ಬಗೆಯದು, ಯಾವ ಯಾವ ಸ್ಥಳಗಳಲ್ಲಿ ನಡೆಯುತ್ತದೆ, ಯಾವ ವರ್ಗದ ಔಷಧಗಳನ್ನು ಬರೆಯಬಹುದು ಅಥವಾ ಬರೆಯಬಾರದು, ಯಾವಾಗ ವೈದ್ಯರನ್ನು ಕೇಳಬೇಕು, ರೋಗಿಯನ್ನು ಯಾವಾಗ ಬೇರೆಡೆಗೆ ಕಳಿಸಬೇಕು, ತುರ್ತು ಸಂದರ್ಭದಲ್ಲಿ ಏನು ಮಾಡಬೇಕು, ಇಬ್ಬರ ನಡುವೆ ಮಾಹಿತಿ ಹೇಗೆ ಹರಿಯಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. ಗುಣಮಟ್ಟ ಕಾಯುವುದಕ್ಕೆ ರೋಗಿಗಳ ಚಾರ್ಟ್ (ಚಿಕಿತ್ಸೆಯ ದಾಖಲೆ) ಪರಿಶೀಲನೆ ಮತ್ತು ತಿಂಗಳಿಗೊಮ್ಮೆಯಾದರೂ ಭೇಟಿ ಕಡ್ಡಾಯ. ಎಷ್ಟು ಚಾರ್ಟ್ ನೋಡಬೇಕೆಂಬ ಸಂಖ್ಯೆಯನ್ನು ನೀವೂ ವೈದ್ಯರೂ ಸೇರಿ ನಿಗದಿ ಮಾಡಿಕೊಳ್ಳಬಹುದು. ಭೇಟಿ ಎದುರೆದುರೇ ಆಗಬೇಕೆಂಬ ನಿರ್ಬಂಧ 2019ರಲ್ಲಿ ಹೋಯಿತು, ಆದರೆ ಭೇಟಿ ನಡೆದದ್ದಕ್ಕೆ ದಾಖಲೆ ಬೇಕು. ನಾನು ಇದಕ್ಕೊಂದು ನೋಟ್‌ಬುಕ್ ಇಟ್ಟಿದ್ದೇನೆ: ತಾರೀಕು, ಎಷ್ಟು ಹೊತ್ತು ಮಾತಾಡಿದೆವು, ಯಾವ ಚಾರ್ಟ್‌ಗಳನ್ನು ನೋಡಿದೆವು, ಏನು ಬದಲಿಸಿದೆವು, ಕೊನೆಗೆ ಇಬ್ಬರ ಸಹಿ. ಐದು ಸಾಲು ಬರೆಯಲು ಎರಡು ನಿಮಿಷ ಸಾಕು.

ಒಬ್ಬ ವೈದ್ಯರು ಹೀಗೆ ಅಧಿಕಾರ ವಹಿಸಿಕೊಡಬಹುದಾದದ್ದು ಏಳು ಮಂದಿಗೆ. ಪಿಎಗಳೂ ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸ್‌ಗಳೂ ಸೇರಿ ಈ ಏಳು, ಮತ್ತು ಲೆಕ್ಕ ಪೂರ್ಣಾವಧಿಯದು, ಹಾಗಾಗಿ ಅರ್ಧ ದಿನ ಕೆಲಸ ಮಾಡುವ ಇಬ್ಬರನ್ನು ಒಬ್ಬರೆಂದು ಎಣಿಸುತ್ತಾರೆ. ವೈದ್ಯಕೀಯ ಸೌಲಭ್ಯ ಕಡಿಮೆ ಇರುವ ಜನರಿಗಾಗಿ ನಡೆಯುವ ಕ್ಲಿನಿಕ್‌ಗಳಿಗೂ ಆಸ್ಪತ್ರೆಗಳಿಗೂ ಈ ಮಿತಿ ಇಲ್ಲ. ಕೆಲಸಕ್ಕೆ ಒಪ್ಪುವ ಮುಂಚೆ ವೈದ್ಯರನ್ನು, “ಸರ್, ನಿಮ್ಮ ಕೈಕೆಳಗೆ ಈಗಾಗಲೇ ಎಷ್ಟು ಜನ ಇದ್ದಾರೆ?” ಎಂದು ಕೇಳುವುದು ಉದ್ಧಟತನವಲ್ಲ. ಫ್ಲಾರಿಡಾದಲ್ಲಿ ಇದೇ ಮಿತಿ 2021ರಿಂದ ಹತ್ತು, ಅದನ್ನು ಇಲ್ಲಿಗೆ ತಂದು ಹೊಂದಿಸಿಕೊಳ್ಳಲು ಬರುವುದಿಲ್ಲ.

ಒಪ್ಪಂದವನ್ನು ಬೋರ್ಡ್‌ಗೆ ಕಳಿಸಿಕೊಡಬೇಕಿಲ್ಲ. ಆದರೆ ಬೋರ್ಡ್ ಕೇಳಿದರೆ ಮೂರು ಕೆಲಸದ ದಿನಗಳೊಳಗೆ ಒದಗಿಸಬೇಕು. ವರ್ಷಕ್ಕೊಮ್ಮೆಯಾದರೂ ಇಬ್ಬರೂ ಕೂತು ಓದಿ, ಮತ್ತೆ ಸಹಿ ಹಾಕಿ ತಾರೀಕು ಬರೆಯಬೇಕು. ಇಬ್ಬರಲ್ಲಿ ಯಾರ ಮೇಲಾದರೂ ಬೋರ್ಡ್ ತನಿಖೆ ಆರಂಭಿಸಿದರೆ ಇನ್ನೊಬ್ಬರಿಗೆ ಕೂಡಲೇ ತಿಳಿಸಬೇಕೆಂಬ ಕಲಮೂ ಇದೆ. ಆ ಮಾತನ್ನು ವೈದ್ಯರೆದುರು ಮೊದಲ ದಿನವೇ ಎತ್ತಿ, ಮುಂದೆ ಮುಜುಗರಕ್ಕೆ ಎಡೆ ಇರುವುದಿಲ್ಲ.

ಚೀಟಿ ಬರೆಯುವಾಗ

ಆ್ಯಂಟಿಬಯಾಟಿಕ್, ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಔಷಧಗಳಿಗೆ ರಾಜ್ಯದ ಲೈಸೆನ್ಸ್ ಮತ್ತು ಒಪ್ಪಂದ ಸಾಕು. ನಿಯಂತ್ರಿತ ಔಷಧಗಳಿಗೆ ಇವುಗಳ ಮೇಲೆ ಕೇಂದ್ರ ಸರ್ಕಾರದ ಮಾದಕ ಔಷಧ ನಿಯಂತ್ರಣ ಸಂಸ್ಥೆಯಾದ ಡಿಇಎಯ ನೋಂದಣಿಯೂ ಬೇಕು. ಅದಕ್ಕೆ ಮೂರು ವರ್ಷಕ್ಕೆ 888 ಡಾಲರ್ ಶುಲ್ಕ. 2023ರ ಜೂನ್ 27ರಿಂದ ಹೊಸದಾಗಿ ಅಥವಾ ನವೀಕರಣಕ್ಕೆ ಅರ್ಜಿ ಹಾಕುವವರು ವ್ಯಸನ ಚಿಕಿತ್ಸೆಗೆ ಸಂಬಂಧಿಸಿದ ಎಂಟು ಗಂಟೆಯ ತರಬೇತಿಯನ್ನು ಒಮ್ಮೆ ಮುಗಿಸಿರಬೇಕು. ಪಿಎಗಳ ಡಿಇಎ ಸಂಖ್ಯೆ ‘ಎಂ’ ಅಕ್ಷರದಿಂದ ಆರಂಭವಾಗುತ್ತದೆ, ಹಾಗಾಗಿ ಫಾರ್ಮಸಿಯವರು ಚೀಟಿ ನೋಡಿದ ಕೂಡಲೇ ಬರೆದವರು ವೈದ್ಯರಲ್ಲ ಎಂದು ತಿಳಿದು ರಾಜ್ಯದ ಮಿತಿಗಳನ್ನು ಪರೀಕ್ಷಿಸುತ್ತಾರೆ. ಡಿಇಎ ನೋಂದಣಿ ರಾಜ್ಯ ಕೊಟ್ಟ ಅಧಿಕಾರಕ್ಕಿಂತ ಒಂದಿಂಚೂ ಹೆಚ್ಚು ಕೊಡುವುದಿಲ್ಲ ಎಂಬುದನ್ನು ನೆನಪಿಡಿ.

ಈಗ ಒಂದು ಚೀಟಿಯನ್ನು ಹತ್ತಿರದಿಂದ ನೋಡೋಣ. ಆತಂಕದ ಕಾಯಿಲೆಗೆ ಆಲ್ಪ್ರಜೋಲಾಂ ತೆಗೆದುಕೊಳ್ಳುವ ನಲವತ್ತರ ಮಹಿಳೆ, ದಿನಕ್ಕೊಂದು ಮಾತ್ರೆ. ಇದು ಶೆಡ್ಯೂಲ್ 4ರ ಔಷಧ. ಕೇಂದ್ರದ ನಿಯಮ ಆರು ತಿಂಗಳೊಳಗೆ ಐದು ರೀಫಿಲ್‌ವರೆಗೆ (ಅದೇ ಚೀಟಿಯ ಮೇಲೆ ಮತ್ತೆ ಔಷಧ ಪಡೆಯುವುದಕ್ಕೆ) ಒಪ್ಪುತ್ತದೆ, ಆದ್ದರಿಂದ ಕಂಪ್ಯೂಟರ್ ತೆರೆಯಲ್ಲಿ ‘30 ಮಾತ್ರೆ, 5 ರೀಫಿಲ್’ ಎಂದು ಒತ್ತಿದರೆ ಅದು ತಕರಾರಿಲ್ಲದೆ ಮುಂದಕ್ಕೆ ಹೋಗುವ ಸಾಧ್ಯತೆ ಇದೆ. ಆದರೆ ಟೆಕ್ಸಸ್‌ನಲ್ಲಿ ಪಿಎ ಬರೆಯುವ ಶೆಡ್ಯೂಲ್ 3ರಿಂದ 5ರ ಔಷಧ ರೀಫಿಲ್‌ಗಳೂ ಸೇರಿ 90 ದಿನ ಮೀರಬಾರದು. ಹಾಗಾಗಿ 30 ಮಾತ್ರೆ, 2 ರೀಫಿಲ್, ಅಲ್ಲಿಗೆ ನಿಲ್ಲಿಸಬೇಕು. ಆ ತೊಂಬತ್ತು ದಿನ ಮುಗಿದ ಮೇಲೆ ಮುಂದುವರಿಸಬೇಕಾದರೆ ಮೊದಲು ವೈದ್ಯರೊಂದಿಗೆ ಮಾತಾಡಿ, ಮಾತಾಡಿದ್ದನ್ನು ಚಾರ್ಟ್‌ನಲ್ಲಿ ಬರೆಯಬೇಕು. ರೋಗಿ ಎರಡು ವರ್ಷದೊಳಗಿನ ಮಗುವಾದರೆ ಮೊದಲ ಚೀಟಿಗೇ ಈ ಸಮಾಲೋಚನೆ ಬೇಕು. ಫಿಟ್ಸ್ ಬರುವ ಒಂದೂವರೆ ವರ್ಷದ ಕೂಸಿಗೆ ಕೊಡುವ ಫಿನೋಬಾರ್ಬಿಟಾಲ್ ಕೂಡ ಶೆಡ್ಯೂಲ್ 4ರದೇ ಎಂಬುದು ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಮಗುವಿಗೆ ಔಷಧ ಮುಂದುವರಿಸುವ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಚಾರ್ಟ್‌ನಲ್ಲಿ ‘ವೈದ್ಯರೊಂದಿಗೆ ಚರ್ಚಿಸಲಾಗಿದೆ’ ಎಂದಷ್ಟೇ ಬರೆದು ಬಿಡಬೇಡಿ. ಯಾರೊಂದಿಗೆ, ಎಷ್ಟು ಹೊತ್ತಿಗೆ, ಅವರು ಏನು ಹೇಳಿದರು ಎಂಬುದನ್ನು ಬರೆಯಿರಿ.

ಶೆಡ್ಯೂಲ್ 2ರ ಔಷಧಗಳನ್ನು ಟೆಕ್ಸಸ್ ಪಿಎ ಬರೆಯಬಹುದಾದದ್ದು ಮೂರು ಬಗೆಯ ರೋಗಿಗಳಿಗೆ ಮಾತ್ರ: 24 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲಕ್ಕೆಂದು ಆಸ್ಪತ್ರೆಗೆ ದಾಖಲಾದವರು, ಆಸ್ಪತ್ರೆಯ ತುರ್ತು ವಿಭಾಗದಲ್ಲಿರುವವರು, ಮತ್ತು ಹಾಸ್ಪಿಸ್ (ಬದುಕಿನ ಕೊನೆಯ ಹಂತದ) ಆರೈಕೆಯಲ್ಲಿರುವವರು. ಹೈಡ್ರೋಕೊಡೋನ್ ಬೆರೆತ ನೋವಿನ ಮಾತ್ರೆಗಳು ಕೇಂದ್ರದ ಪಟ್ಟಿಯಲ್ಲಿ 2014ರ ಅಕ್ಟೋಬರ್ 6ರಂದು ಶೆಡ್ಯೂಲ್ 3ರಿಂದ 2ಕ್ಕೆ ಹೋದವು. ರಾಜ್ಯದ ಕಾಯ್ದೆಯಲ್ಲಿ ಒಂದು ಅಕ್ಷರವೂ ಬದಲಾಗದೆ, ಹಿಂದಿನ ದಿನದವರೆಗೆ ಕ್ಲಿನಿಕ್‌ನಲ್ಲಿ ಬರೆಯುತ್ತಿದ್ದ ಔಷಧವನ್ನು ಪಿಎಗಳು ಮರುದಿನ ಬರೆಯದಂತಾಯಿತು. ಇದಕ್ಕೆ ತಿರುಗುಮುರುಗಾದದ್ದೂ ಉಂಟು: ಫಿಟ್ಸ್‌ಗೆ, ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಕೇಂದ್ರದ ಪಟ್ಟಿಯಲ್ಲಿಲ್ಲ, ಆದರೆ ಕೆಂಟಕಿ 2017ರಲ್ಲಿ ಅದನ್ನು ತನ್ನ ಶೆಡ್ಯೂಲ್ 5ಕ್ಕೆ ಸೇರಿಸಿತು. ಆದುದರಿಂದ ಔಷಧದ ಶೆಡ್ಯೂಲ್ ಅನ್ನು ಕೇಂದ್ರದ ಪಟ್ಟಿಯಲ್ಲೂ ರಾಜ್ಯದ ಪಟ್ಟಿಯಲ್ಲೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಶೆಡ್ಯೂಲ್ 2ರ ಮಿತಿಯೂ ಎಲ್ಲೆಡೆ ಒಂದೇ ಅಲ್ಲ. ಫ್ಲಾರಿಡಾದಲ್ಲಿ ಪಿಎ ಏಳು ದಿನಕ್ಕಾಗುವಷ್ಟು ಬರೆಯಬಹುದು, ಕೆಂಟಕಿಯ 2020ರ ಅನುಮತಿಯಲ್ಲಿ ಅದು ಸೇರಿಯೇ ಇರಲಿಲ್ಲ.

ಟೆಕ್ಸಸ್‌ನಲ್ಲಿ ಓಪಿಯಾಯ್ಡ್ (ಅಫೀಮಿನ ಬಗೆಯ ನೋವಿನ ಔಷಧ), ಬೆಂಜೊಡಯಜೆಪೀನ್ (ಆಲ್ಪ್ರಜೋಲಾಂ ಬಗೆಯದು), ಬಾರ್ಬಿಚುರೇಟ್ (ಫಿನೋಬಾರ್ಬಿಟಾಲ್ ಬಗೆಯದು) ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬರೆಯುವ ಮೊದಲು ರಾಜ್ಯದ ಪ್ರಿಸ್ಕ್ರಿಪ್ಷನ್ ಮಾನಿಟರಿಂಗ್ ದಾಖಲೆಯಲ್ಲಿ ರೋಗಿ ಪಡೆದ ನಿಯಂತ್ರಿತ ಔಷಧಗಳ ಇತಿಹಾಸ ನೋಡುವುದು 2020ರ ಮಾರ್ಚ್ 1ರಿಂದ ಕಡ್ಡಾಯ. ಹೊಸದಾಗಿ ಬಂದ ತೀವ್ರ ನೋವಿಗೆ ಓಪಿಯಾಯ್ಡ್ ಹತ್ತು ದಿನ ಮೀರುವಂತಿಲ್ಲ, ರೀಫಿಲ್ ಇಲ್ಲ.

ಚೀಟಿಯ ಮೇಲೆ ನಿಮ್ಮ ಹೆಸರು ಮತ್ತು ಸಂಖ್ಯೆಯ ಜೊತೆ, ಅಧಿಕಾರ ವಹಿಸಿಕೊಟ್ಟ ವೈದ್ಯರ ಹೆಸರು, ವಿಳಾಸ, ಫೋನ್ ಇರಬೇಕೆಂದು ಟೆಕ್ಸಸ್ ಕಾನೂನು ಹೇಳುತ್ತದೆ. ಒಂದು ಶುಕ್ರವಾರ ಸಂಜೆ ಆರೂವರೆಗೆ ಫಾರ್ಮಸಿಯಿಂದ ನನಗೆ ಕರೆ ಬಂತು. ನಮ್ಮ ಸಾಫ್ಟ್‌ವೇರ್ ಬದಲಾದಾಗ ವೈದ್ಯರ ಹೆಸರಿನ ಜಾಗ ಖಾಲಿ ಉಳಿದಿತ್ತು. ಕೌಂಟರ್ ಮುಂದೆ ಪಕ್ಕೆಲುಬು ಮುರಿದ ಮುದುಕರೊಬ್ಬರು ಟ್ರಾಮಡಾಲ್‌ಗೆ ಕಾಯುತ್ತ ನಿಂತಿದ್ದರು. ಹೊಸ ಚೀಟಿ ಕಳಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು, ಅಷ್ಟು ಹೊತ್ತು ಅವರು ನೋವಿನಲ್ಲೇ ನಿಂತಿದ್ದರು. ಸಾಫ್ಟ್‌ವೇರ್ ಬದಲಾದ ದಿನ ಒಂದು ಪ್ರಯೋಗದ ಚೀಟಿಯನ್ನು ಮುದ್ರಿಸಿ, ಕಾನೂನು ಕೇಳುವ ಒಂದೊಂದು ವಿವರವೂ ಅದರಲ್ಲಿದೆಯೇ ಎಂದು ಪೆನ್ಸಿಲ್ ಹಿಡಿದು ಗುರುತು ಹಾಕುವುದನ್ನು ನಾನು ಅಂದಿನಿಂದ ತಪ್ಪಿಸಿಲ್ಲ.

ಒಪ್ಪಂದದಲ್ಲಿ ಚಿಕಿತ್ಸೆಯ ಸ್ಥಳಗಳನ್ನು ಹೆಸರಿಸಿರುವುದಕ್ಕೆ ಇನ್ನೊಂದು ಅರ್ಥವಿದೆ, ನಮ್ಮವರ ನಡುವೆ ಇದನ್ನು ಹೇಳಲೇಬೇಕು. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ಪರಿಚಯದ ಅತ್ತೆಯೊಬ್ಬರು, “ನೀನೇ ಡಾಕ್ಟರ ಹಾಗೇ ಅಲ್ವೇನೋ, ಆ ನಿದ್ದೆ ಮಾತ್ರೆ ಒಂದು ತಿಂಗಳಿಗೆ ಬರೆದುಕೊಡಪ್ಪ” ಎಂದು ಕೇಳುತ್ತಾರೆ. ಸಭಾಂಗಣ ನಿಮ್ಮ ಒಪ್ಪಂದದಲ್ಲಿರುವ ಸ್ಥಳವಲ್ಲ, ಅತ್ತೆಯನ್ನು ನೀವು ಪರೀಕ್ಷಿಸಿಲ್ಲ, ಅವರ ಚಾರ್ಟ್ ನಿಮ್ಮಲ್ಲಿಲ್ಲ, ನಿಮಗೆ ಅಧಿಕಾರ ಕೊಟ್ಟ ವೈದ್ಯರ ರೋಗಿಯೂ ಅವರಲ್ಲ. “ಅತ್ತೆ, ಸೋಮವಾರ ಕ್ಲಿನಿಕ್‌ಗೆ ಬನ್ನಿ, ಕೂತು ನೋಡೋಣ” ಎಂದು ನಾನು ಹೇಳುತ್ತೇನೆ. ಅದನ್ನು ಬೇಸರವಾಗದಂತೆ ಹೇಳುವುದು ಕಲಿಯಬೇಕಾದ ಕೆಲಸ.

ಕಾನೂನು ಬದಲಾದಾಗ, ವೈದ್ಯರು ಬಿಟ್ಟುಹೋದಾಗ

ಟೆಕ್ಸಸ್ ಶಾಸಕಾಂಗದ ನಿಯಮಿತ ಅಧಿವೇಶನ ನಡೆಯುವುದು ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳಲ್ಲಿ, ಮತ್ತು ಹೊಸ ಕಾನೂನುಗಳಲ್ಲಿ ಬಹಳಷ್ಟು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬರುತ್ತವೆ. ಹಾಗಾಗಿ ಅಂಥ ವರ್ಷದ ಆಗಸ್ಟ್ ಕೊನೆಯಲ್ಲಿ 157 ಮತ್ತು 204ನ್ನು ಮತ್ತೊಮ್ಮೆ ಓದಲು ಒಂದು ಸಂಜೆ ತೆಗೆದಿಡಿ. ಬೇರೆ ರಾಜ್ಯಗಳಲ್ಲಿ ಅಧಿವೇಶನ ಪ್ರತಿ ವರ್ಷವೂ ಇರಬಹುದು, ಅದಕ್ಕೆ ತಕ್ಕಂತೆ ದಿನ ಗೊತ್ತುಮಾಡಿಕೊಳ್ಳಿ.

ಒಪ್ಪಂದಕ್ಕೆ ಸಹಿ ಹಾಕಿದ ವೈದ್ಯರು ಕೆಲಸ ಬಿಟ್ಟರೆ, ನಿವೃತ್ತರಾದರೆ, ಅಥವಾ ಅವರ ಲೈಸೆನ್ಸ್‌ಗೆ ಅಡ್ಡಿ ಬಂದರೆ ಆ ಒಪ್ಪಂದದಿಂದ ಬಂದ ನಿಮ್ಮ ಅಧಿಕಾರವೂ ಅಲ್ಲಿಗೆ ನಿಲ್ಲುತ್ತದೆ. ಬದಲಿ ವೈದ್ಯರ ಹೆಸರು ತಾತ್ಕಾಲಿಕ ಗೈರುಹಾಜರಿಗೆ ನೆರವಾಗುತ್ತದೆ. ಶಾಶ್ವತ ಬದಲಾವಣೆಗೆ ಹೊಸ ಒಪ್ಪಂದ ಬರೆಯಬೇಕು, ಹೊಸ ವೈದ್ಯರು ಬೋರ್ಡ್‌ನ ಆನ್‌ಲೈನ್ ವ್ಯವಸ್ಥೆಯಲ್ಲಿ ನಿಮ್ಮನ್ನು ನೋಂದಾಯಿಸಬೇಕು. ನಡುವಿನ ದಿನಗಳಲ್ಲಿ ಹಳೆಯ ಹೆಸರಿನಲ್ಲಿ ಒಂದೂ ಚೀಟಿ ಹೋಗಬಾರದು, ಆಗಲೇ ಬರೆದಿಟ್ಟ ರೀಫಿಲ್‌ಗಳ ಪಟ್ಟಿ ತೆಗೆದು ಯಾವ ರೋಗಿಗೆ ಯಾವಾಗ ಔಷಧ ಮುಗಿಯುತ್ತದೆಂದು ಹೊಸ ವೈದ್ಯರ ಮುಂದೆ ಇಡಬೇಕು. ಹಳೆಯ ಒಪ್ಪಂದದ ಪ್ರತಿಯನ್ನು ಅದು ಕೊನೆಗೊಂಡ ದಿನದಿಂದ ಎರಡು ವರ್ಷ ಪೂರ್ತಿಯಾಗುವವರೆಗೆ ಇಟ್ಟುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ಆ ಪ್ರತಿ ಕ್ಲಿನಿಕ್‌ನ ಕಂಪ್ಯೂಟರ್‌ನಲ್ಲಿ ಮಾತ್ರ ಇದ್ದರೆ ಕೆಲಸ ಬಿಟ್ಟ ದಿನ ಅದು ನಿಮ್ಮ ಕೈಗೆ ಸಿಗದೆ ಹೋಗಬಹುದು, ಆದ್ದರಿಂದ ಸಹಿಯಾದ ದಿನವೇ ಒಂದು ಪ್ರತಿಯನ್ನು ಮನೆಗೆ ತಂದಿಟ್ಟುಕೊಳ್ಳಿ.